ತೊಗಟೆಯಿದ್ದ ತೊಲೆ

ನಮ್ಮ ಮನೆಯ ತಲಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಹಾಲಿನವನಿಗೆ, ಪೇಪರಿನವನಿಗೆ, ಎದುರುಮನೆಯ ಬೆಕ್ಕಿಗೆ ಯಾರಿಗೂ ಪರ್ಮಿಷನ್ ಬೇಕಿಲ್ಲ. ನಮ್ಮ ಓಣಿಯ ಮೇಡಂ ಒಬ್ಬರಿಗೆ ಮಾತ್ರ ಬೇಕಿತ್ತು. ಹೊಸ್ತಿಲಿಂದ ಒಂದು ಹೆಜ್ಜೆ ಆಚೆ ಚಪ್ಪಲಿ ಬಿಟ್ಟು, ಕೈಚೀಲವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಅಡಿಗೆಮನೆಯಿಂದ ನಾನು ಕಂಡು "ಒಳಗ ಬರ್ರಿ" ಅನ್ನಬೇಕು, ಆಮೇಲೆಯೇ ಬರುವುದು.

"ಇಷ್ಟು ವರ್ಷ ಆತ್ರಿ, ಇನ್ನೂ ಈ ಫಾರ್ಮಾಲಿಟಿ ಯಾಕ?" ಎಂದು ಒಮ್ಮೆ ಸಿಟ್ಟು ಮಾಡಿದ್ದೆ.

"ಫಾರ್ಮಾಲಿಟಿ ಅಲ್ರಿ ಅಕ್ಕಾರ, ಚಟ. ಕಾಲು ಕಲತದ್ದು. ತಲಿ ಹೇಳಿದ್ರ ಕಾಲು ಕೇಳಂಗಿಲ್ಲ."

ಹೋದ ತಿಂಗಳು ಅವರು ತೀರಿಕೊಂಡರು. ಈಗಲೂ ಚಹಾ ಕುದಿಯುವ ಹೊತ್ತಿಗೆ ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ. ಇಬ್ಬರ ಅಳತೆಗೇ ನೀರಿಟ್ಟಿರುತ್ತೇನೆ, ಒಂದು ಕಪ್ಪಿಗೆ ಸಕ್ಕರೆ ಹಾಕದೆ. ಸಿಹಿ ಅವರಿಗೆ ಸೇರುತ್ತಿರಲಿಲ್ಲ. ಶುಗರ್ ಗಿಗರ್ ಏನಿರಲಿಲ್ಲ, ನಾಲಿಗೆಗೇ ಆಗುತ್ತಿರಲಿಲ್ಲ. ಹಬ್ಬಕ್ಕೆ ನಾನು ಕೊಟ್ಟ ಉಂಡಿಯನ್ನು ಮ್ಯಾನರ್ಸಿಗೆಂದು ಚೂರು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಯಾವ ಇರುವೆಗೆ ಹಾಕುತ್ತಿದ್ದರೋ ನಾನು ಕೇಳಲಿಲ್ಲ.

ಶಹಾಪುರದ ನಮ್ಮ ಓಣಿಗೆ ಅವರು ಬಂದದ್ದು ರಿಟೈರ್ ಆದಮೇಲೆ. ದೂರದ ಊರೊಂದರ ಲ್ಯಾಬೊರೇಟರಿಯಲ್ಲಿ ಜೀವಮಾನ ಕಳೆದವರು. ಮರದ ತುಂಡುಗಳೊಳಗಿನ ರೇಡಿಯೋಕಾರ್ಬನ್ ಅಳೆದು, ಸಾವಿರಾರು ವರ್ಷಗಳಲ್ಲಿ ಸೂರ್ಯ ಯಾವಾಗ ಜೋರಾಗಿದ್ದ, ಯಾವಾಗ ಮಂಕಾಗಿದ್ದ ಎಂದು ತಿಳಿಯುವ ಕೆಲಸ. ಓಣಿಯ ಜನಕ್ಕೆ ಇದೆಲ್ಲ ಎಲ್ಲಿ ಅರ್ಥವಾಗಬೇಕು. ಮನೆಯ ಸಾಮಾನು ಇಳಿಸುವಾಗ ಟೆಂಪೋದಿಂದ ಪಾತ್ರೆಗಿಂತ ಹೆಚ್ಚು ಮರದ ತುಂಡುಗಳು ಇಳಿದವು. ಆವತ್ತೇ ಅವರು ಕಟ್ಟಿಗಿ ಮೇಡಂ ಆದರು.

ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದು, ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಮುದುಕಿಯಾದವಳು. ಸೈನ್ಸ್ ಅಂದರೆ ನನಗೆ ನೆನಪಿದ್ದದ್ದು ಕಪ್ಪೆಯ ಡಯಾಗ್ರಾಂ ಒಂದೇ. ಆದರೂ ಅವರು ನನಗೆ ಹೇಳಿಕೊಟ್ಟದ್ದು ಇವತ್ತಿಗೂ ಮರೆತಿಲ್ಲ. ಆಕಾಶದ ಆಚೆಯಿಂದ ಕಿರಣಗಳ ಒಂದು ಮಳೆ ಸದಾ ಸುರಿಯುತ್ತಿರುತ್ತದಂತೆ. ಅದು ನಮ್ಮ ಗಾಳಿಗೆ ಬಡಿದಾಗ ರೇಡಿಯೋಕಾರ್ಬನ್ ಹುಟ್ಟುತ್ತದೆ. ಸೂರ್ಯ ಹುರುಪಿನಲ್ಲಿದ್ದರೆ ಆ ಮಳೆಗೆ ಕೊಡೆ ಹಿಡಿಯುತ್ತಾನೆ, ಮಂಕಾದರೆ ಕೊಡೆ ಮಡಿಚಿಬಿಡುತ್ತಾನೆ. ಆಗ ರೇಡಿಯೋಕಾರ್ಬನ್ ಹೆಚ್ಚಾಗುತ್ತದೆ. ಮರ ಆ ಗಾಳಿಯನ್ನು ಎಳೆದುಕೊಂಡು ಆ ವರ್ಷದ ಉಂಗುರದಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ವರ್ಷದ್ದು ಮುಂದಿನ ಉಂಗುರಕ್ಕೆ. ಒಂದರದು ಇನ್ನೊಂದಕ್ಕೆ ಬೆರೆಯುವುದಿಲ್ಲ.

"ಸೂರ್ಯ ಸುಮ್ಮನಾದಾಗ ಗಿಡ ಹೆಚ್ಚು ಇಟ್ಕೊಂತಾವ ಅಕ್ಕಾರ. ಮನಿಯಾಗ ಹಿರೇರು ಮಾತು ಬಿಟ್ಟ ದಿನ ಹುಡುಗರ ಹೊಟ್ಟ್ಯಾಗ ಮಾತು ಕೂಡ್ತಾವಲ್ಲ, ಹಂಗ."

ಸೂರ್ಯನಿಗೆ ಹನ್ನೊಂದು ವರ್ಷದ ಒಂದು ಸಣ್ಣ ಸುತ್ತು ಇದೆ. ಅದರ ಮೇಲೆ ಇನ್ನೂರು ವರ್ಷದ ಆಸುಪಾಸಿನದೊಂದು, ಎರಡು ಸಾವಿರಕ್ಕೂ ಮೇಲ್ಪಟ್ಟದ್ದೊಂದು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲ ಸೂರ್ಯ ಮಂಕಾಗಿ, ಅವನ ಹುರುಪಿನ ಗುರುತಾದ ಕಪ್ಪು ಕಲೆಗಳು ಮೈಮೇಲೆ ಹೆಚ್ಚುಕಡಿಮೆ ಕಾಣಲೇ ಇಲ್ಲವಂತೆ. "ಆಗ ಹುಟ್ಟಿ ಆಗೇ ಸತ್ತವರಿಗೆ ಸೂರ್ಯ ಅಂದ್ರ ಹಿಂಗೇ ಅನಸಿರಬೇಕು. ಪಾಪ, ಅವರಿಗೇನು ಮಾಲೂಮ್," ಅನ್ನುತ್ತಿದ್ದರು.

ಆ ಕಲೆಗಳನ್ನು ನನಗೂ ತೋರಿಸಿದ್ದರು. ನಮ್ಮ ಮಾಳಿಗೆಯ ಮೇಲೆ ಪುಟ್ಟ ದುರ್ಬೀನು ನಿಲ್ಲಿಸಿ, ಅದರಿಂದ ಬಿದ್ದ ಸೂರ್ಯನ ಬಿಂಬವನ್ನು ಬಿಳಿ ಬಟ್ಟೆಯ ಮೇಲೆ ಹಿಡಿಯುವುದು. ಬಟ್ಟೆ ನನ್ನದು. ಕಾನ್ವೆಂಟಿನಲ್ಲಿ ನಾನೇ ಹೂವಿನ ಬಾರ್ಡರ್ ಹಾಕಿದ ಟೇಬಲ್‌ಕ್ಲಾತ್. ಎದುರಿಗೆ ಮಲಗಿದ ಬುದ್ಧನಂಥ ಗುಡ್ಡ, ನಡುವೆ ನನ್ನ ಟೇಬಲ್‌ಕ್ಲಾತು, ಅದರ ಮೇಲೆ ರೊಟ್ಟಿಯಷ್ಟಗಲ ಸೂರ್ಯ, ರೊಟ್ಟಿಯ ಮೇಲೆ ಎಳ್ಳಿನಂಥ ಕಲೆಗಳು. ಐ ವಾಸ್ ಸೋ ಹ್ಯಾಪಿ. ಎಷ್ಟೋ ವರ್ಷದ ಮೇಲೆ ಹಾಗೆ ಖುಷಿಪಟ್ಟಿದ್ದೆ.

ಊರ ಜನ ಅವರ ಹತ್ತಿರ ಕಟ್ಟಿಗೆ ತರುತ್ತಿದ್ದರು. ಕಿರಾಣಿ ಅಂಗಡಿಯವರೊಬ್ಬರು ಹುಣಸೆಯ ಬೊಡ್ಡೆಯನ್ನು ಆಟೋದಲ್ಲಿ ಹೇರಿಕೊಂಡು ಬಂದರು. ತಮ್ಮ ಮುತ್ತಜ್ಜ ನೆಟ್ಟದ್ದು ಎಂದು ದಾಯಾದಿಗಳ ಮುಂದೆ ಸಾಬೀತು ಮಾಡಬೇಕಿತ್ತು ಅವರಿಗೆ.

"ಹುಣಸಿ ವರ್ಷ ವರ್ಷದ ಲೆಕ್ಕ ಸಾಫ್ ಇಡೂದಿಲ್ರಿ. ಬೇವು ಹಂಗೇ. ನೀರು ಸಿಕ್ಕಾಗ ಬೆಳೀತಾವ, ಇಲ್ಲಂದ್ರ ನಿಲ್ತಾವ. ಗೆರಿ ಕೂಡಿ ಹೋಗಿರ್ತಾವ. ನಮ್ಮ ಕಡೆ ಖರೇ ಲೆಕ್ಕ ಇಡೂದು ಸಾಗವಾನಿ," ಎಂದು ಇವರು ಸಮಾಧಾನವಾಗಿ ತಿಳಿಸಿದರು.

ಅಂಗಡಿಯವರು ಬೊಡ್ಡೆಯನ್ನು ಮತ್ತೆ ಆಟೋಕ್ಕೆ ಹಾಕಿಸುತ್ತಾ ನನಗೆ ಕೇಳುವಂತೆಯೇ ಗೊಣಗಿದರು. "ಇಷ್ಟು ಓದಿ ಒಂದು ಹುಣಸಿ ಗಿಡದ ವಯಸ್ಸು ಗೊತ್ತಿಲ್ಲ. ನಮ್ಮಜ್ಜಿ ಇದ್ದಿದ್ರ ಮುಟ್ಟಿ ಹೇಳ್ತಿದ್ಲು."

ಇವರು ನಕ್ಕು ಬಿಟ್ಟರು. ಹೆಚ್ಚು ನಗುತ್ತಿರಲಿಲ್ಲ. ನಕ್ಕರೆ ಮೇಲುತುಟಿ ಮಾತ್ರ ಒಂದು ಕಡೆ ಏಳುತ್ತಿತ್ತು.

ನನಗೆ ಕ್ಯಾಟರಾಕ್ಟ್ ಆಪರೇಷನ್ ಆದಾಗ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಕೂತಿದ್ದೆ. ಬಂದವರೆಲ್ಲ ಹಣ್ಣು ತಂದರು, ಇವರು ಬರಿಗೈಯಲ್ಲಿ ಬಂದು ಬೇಜಾರು ಮಾಡಿಕೊಂಡರು. "ಆ ಕಣ್ಣಿನ ಲೆನ್ಸ್ ಕೇಳಿ ಇಸ್ಕೋಬೇಕಿತ್ತಲ್ರಿ ಅಕ್ಕಾರ. ಅದರ ನಟ್ಟನಡುವಿನ ಭಾಗ ತಾಯಿ ಹೊಟ್ಟ್ಯಾಗಿದ್ದಾಗಲೇ ಆಗಿದ್ದು, ಮತ್ತ ಬದಲಾಗೂದಿಲ್ಲ. ನೀವು ಹುಟ್ಟಿದ ವರ್ಷದ ಗಾಳಿ ಅದ್ರಾಗಿತ್ತು. ಡಾಕ್ಟರ್ ಅದನ್ನ ಒಯ್ದು ಡಸ್ಟ್‌ಬಿನ್ನಿಗೆ ಹಾಕಿದ್ರು ನೋಡ್ರಿ."

"ನನ್ನ ಬರ್ತ್ ಸರ್ಟಿಫಿಕೇಟ್ ಟ್ರಂಕಿನಲ್ಲಿ ಇದೆ, ಹೋಗಲಿ ಬಿಡಿ," ಎಂದೆ.

ಅದಕ್ಕೆ ಅವರು, "ನಂದು ಜೂನ್ ಒಂದನೇ ತಾರೀಖು," ಅಂದರು.

ಈ ಕಡೆಯ ಶಾಲೆಯಲ್ಲಿ ಕೆಲಸ ಮಾಡಿದವಳು ನಾನು, ಅದರರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಹೆಸರು ಹಚ್ಚಲು ತಂದಾಗ ಮಾಸ್ತರರು ಮಗುವಿನ ಎತ್ತರ ನೋಡಿ ಒಂದು ವರ್ಷ ಊಹಿಸಿ, ಜೂನ್ ಒಂದು ಎಂದು ಹಾಕುತ್ತಿದ್ದರು. ಇಡೀ ತರಗತಿ ಒಂದೇ ದಿನ ಹುಟ್ಟಿರುತ್ತಿತ್ತು. ಕೆಂಭಾವಿಯ ಅಂಚಿನಲ್ಲಿದ್ದ ಅವರ ಓಣಿಯಲ್ಲಿ ಯಾರಿಗೂ ಬೇರೆ ಹುಟ್ಟುಹಬ್ಬ ಇರಲಿಲ್ಲವಂತೆ. ತಾಯಿಯನ್ನು ಕೇಳಿದರೆ "ಸಜ್ಜಿ ರಾಶಿ ನಡದಿತ್ತು" ಎಂದು ಹೇಳುತ್ತಿದ್ದಳಂತೆ. ಯಾವ ವರ್ಷದ ಸುಗ್ಗಿ ಎಂದರೆ, "ನಿನ್ನ ಹಡದ ವರ್ಷದ್ದು."

ಆ ತಾಯಿ ಕೆಂಭಾವಿಯ ಒಬ್ಬ ಸಾವಕಾರರ ವಾಡೆಯಲ್ಲಿ ಕೂಲಿಗಿದ್ದವಳು. ಹೊಲದ ಕೆಲಸ ಇಲ್ಲದ ದಿನ ದನದ ಕೊಟ್ಟಿಗೆ ಬಳಿಯುವುದು. ಆ ದೊಡ್ಡ ಮನೆಯಲ್ಲಿ ಈ ತಾಯಿ ಮಗಳು ಕಾಲಿಡಬಹುದಾದ ಜಾಗ ಅದೊಂದೇ. ಕೂಲಿಯ ಜೋಳವನ್ನು ಹೊಸ್ತಿಲಾಚೆ ಸೆರಗೊಡ್ಡಿ ನಿಂತು ಹಾಕಿಸಿಕೊಳ್ಳಬೇಕು. ಅವ್ವ ಸಗಣಿ ಬಳಿಯುವಾಗ ಈ ಹುಡುಗಿ ಮೇವಿನ ಮೇಲೆ ಅಂಗಾತ ಮಲಗಿ ಮಾಳಿಗೆಯ ತೊಲೆ ನೋಡುತ್ತಿತ್ತು. ಪಡಸಾಲೆಯ ತೊಲೆಗಳಿಗೆ ಕೆತ್ತನೆ ಇರುತ್ತದೆ. ದನದ ಮನೆಯದಕ್ಕೆ ಯಾರು ಕೆತ್ತುತ್ತಾರೆ? ಅದು ಕಡಿದು ತಂದ ಹಾಗೇ ಏರಿಸಿದ ತೇಗ, ಅದೇ ಸಾಗವಾನಿ. ಒಂದು ಮಗ್ಗುಲಿಗೆ ತೊಗಟೆ ಇನ್ನೂ ಅಂಟಿಕೊಂಡಿತ್ತು. ಆ ತೊಗಟೆಯ ಸಂದಿನಿಂದ ಗುಬ್ಬಿ ಹುಳ ಹೆಕ್ಕುವುದನ್ನು ನೋಡುತ್ತಾ ನಿದ್ದೆ ಹೋಗುತ್ತಿತ್ತಂತೆ.

ಮುಂದೆ ಲ್ಯಾಬಿನಲ್ಲಿ ಕೆಲಸ ಕಲಿಯುವಾಗ, ತೊಗಟೆಯಿರುವ ಮರವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ಹೇಳಿಕೊಟ್ಟರಂತೆ. ತೊಗಟೆಯ ಕೆಳಗಿನ ಉಂಗುರ ಮರದ ಕೊನೆಯ ವರ್ಷ. ಕಡಿದ ವರ್ಷ ತಿಳಿದಿದ್ದರೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಒಂದೊಂದು ಉಂಗುರಕ್ಕೂ ಅದರ ವರ್ಷ ಕೊಡಬಹುದು. "ಅವತ್ತು ಕ್ಲಾಸಿನಾಗ ಕುಂತಲ್ಲೇ ನನಗ ಸಗಣಿ ವಾಸನಿ ಬಂತ್ರಿ," ಅಂದಿದ್ದರು. ಆ ಕೊಟ್ಟಿಗೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಕಟ್ಟಿದ ವರ್ಷ ಕೊರೆದಿತ್ತು. ಸುರಪುರದ ದೊರೆಗಳ ಕಾಲದ್ದು. ವರ್ಷವೂ ಇತ್ತು, ತೊಗಟೆಯೂ ಇತ್ತು, ಮರ ಬೆಳೆದದ್ದು ಸೂರ್ಯ ಮಂಕಾಗಿದ್ದ ಆ ಕಾಲದಿಂದ ಹಿಡಿದು ಈಚೆಗೆ. ಇನ್ನೇನು ಬೇಕು?

ಅವರಿಗೆ ಬೇಕಿದ್ದದ್ದು ಇಷ್ಟೇ. ಸೂರ್ಯನ ಚರಿತ್ರೆಯನ್ನೆಲ್ಲ ಚಳಿ ದೇಶದ ಮರಗಳೇ ಹೇಳಿವೆ. ನಮ್ಮ ಮುಂಗಾರಿನ ಗಾಳಿ ಭೂಮಿಯ ಕೆಳ ಅರ್ಧದಿಂದ ಬರುವುದು, ಅದರ ರೇಡಿಯೋಕಾರ್ಬನ್ ಒಂದಿಷ್ಟು ಬೇರೆ. ಸೂರ್ಯ ಕೊಡೆ ಮಡಿಚಿದಾಗ ಇಲ್ಲಿಯ ಗಾಳಿಯಲ್ಲಿ ಏನಾಯಿತೆಂದು ಇಲ್ಲಿಯ ಗಾಳಿ ಕುಡಿದ ಒಂದು ಮರ ತಾನಾಗಿ ಹೇಳಬೇಕು, ಬೇರೆಯವರ ಆಸರೆಯಿಲ್ಲದೆ. ರಿಟೈರ್ ಆದಮೇಲೆ ಅವರು ಈ ಬಿಸಿಲೂರಿಗೆ ತಿರುಗಿ ಬಂದದ್ದು ಆ ತೊಲೆಗಾಗಿ. ನೆಂಟರಿಗಾಗಿ ಅಂತ ಓಣಿಯವರು ತಿಳಿದಿದ್ದರು.

ವಾಡೆಯವರು ಒಳ್ಳೆಯ ಜನವೇ. ಈಗಿನವರು. ಆದರೆ ಮೇಲೆ ಮಾಳಿಗೆ ನಿಂತಿರುವಾಗ ತೊಲೆ ಇಳಿಸುವುದು ಹೇಗೆ? ಇವರು ಕಾದರು. ಕೊನೆಗೆ ಅಲ್ಲಿಯ ಅಣ್ಣತಮ್ಮಂದಿರಲ್ಲಿ ದೊಡ್ಡವನ ಪಾಲಿಗೆ ಬಂದ ಅರ್ಧ ಕೊಟ್ಟಿಗೆ ಕೆಡವಿ ಹೊಸ ಮನೆ ಕಟ್ಟುತ್ತೇವೆಂದು ಅವರೇ ಫೋನ್ ಮಾಡಿದರು. "ಒಂದು ಮೊಳ ತುಂಡು ಸಾಕ್ರಿ. ಇದ್ದ ಹಂಗೇ ಕೊಡ್ರಿ, ಏನೂ ಮಾಡಬ್ಯಾಡ್ರಿ," ಎಂದು ಇವರು ನನ್ನ ಎದುರಿಗೇ ಹೇಳಿದ್ದರು. ಹೊಸ ಮನೆಗೆ ಚೌಕಟ್ಟು ನಿಲ್ಲಿಸುವ ಪೂಜೆ ಇದೆ, ಆ ದಿನವೇ ಬಂದು ಊಟ ಮಾಡಿಕೊಂಡು ಒಯ್ಯಬೇಕು ಎಂದು ಆ ಕಡೆಯಿಂದ ಹಟ.

ನಾವಿಬ್ಬರೂ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಅವರು ಹತ್ತಿ ಹೊಲಗಳನ್ನು ನೋಡುತ್ತಾ ಕೂತಿದ್ದರು. ಮಡಿಲಲ್ಲಿ ತೊಗಟೆ ಕಳಚಿ ಬೀಳದಂತೆ ಸುತ್ತಲು ತಂದ ಹಳೆಯ ಮೆತ್ತನೆಯ ಸೀರೆ.

ವಾಡೆಯ ಮುಂಭಾಗ ಇನ್ನೂ ನಿಂತಿತ್ತು. ತಲಬಾಗಿಲಿಗೆ ಬಂದೊಡನೆ ಅವರ ಕಾಲು ತಾನಾಗಿಯೇ ನಿಂತಿತು, ಹೊಸ್ತಿಲಿಂದ ಒಂದು ಹೆಜ್ಜೆ ಆಚೆ. ಒಳಗಿನಿಂದ ಆ ಮನೆಯ ಸೊಸೆ, ದೊಡ್ಡವನ ಹೆಂಡತಿ, "ಬರ್ರಿ, ಬರ್ರಿ" ಎಂದಳು. ಇವರು ಬರಲಿಲ್ಲ. ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಇವರ ಮೊಣಕೈ ಹಿಡಿದು, "ನಿಮ್ಮವ್ವ ಇಲ್ಲೇ ನಿಂದರ್ತಿದ್ರಂತ, ನಮ್ಮತ್ತಿ ಹೇಳ್ಯಾರ. ನೀವು ಇಲ್ಲಿ ನಿಂತ್ರ ನಮಗ ಊಟ ಸೇರ್ತದೇನ್ರಿ?" ಎಂದು ಎಳೆದುಕೊಂಡು ಹೋದಳು. ಮೂಲೆಯಲ್ಲಿ ಕೂತಿದ್ದ ಮುದುಕಿ ಅತ್ತೆ ತಲೆ ಎತ್ತಲಿಲ್ಲ, ಚಾಪೆಯನ್ನು ಮಾತ್ರ ಇವರ ಕಡೆಗೆ ಸರಿಸಿದಳು.

ಪಡಸಾಲೆಯಲ್ಲಿ ಕೂಡಿಸಿ, ಮನೆಮಗಳಿಗೆ ಮಾಡುವ ಹಾಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿಬಟ್ಟಲು, ಕುಪ್ಪಸದ ಬಟ್ಟೆ. ಬುದ್ಧನನ್ನು ನಂಬಿದ ಮನೆಯವರು ಇವರು, ಹಣೆಗೆ ಕುಂಕುಮ ಇಡುವವರಲ್ಲ. ಆ ದಿನ ಬೇಡವೆನ್ನಲಿಲ್ಲ. ಆಮೇಲೆ ಸೊಸೆ ಒಳಗಿನಿಂದ ಎರಡೂ ಕೈಯಲ್ಲಿ ಹೊತ್ತು ತಂದು ಉಡಿಯ ಮೇಲಿಟ್ಟಳು, ಹೊಸ ವಸ್ತ್ರದಲ್ಲಿ ಸುತ್ತಿದ ತೊಲೆಯ ತುಂಡನ್ನು.

ವಸ್ತ್ರ ಸರಿಸಿದರೆ ಜೇನಿನ ಬಣ್ಣದ ಮರ. ನಾಲ್ಕು ಮಗ್ಗುಲೂ ಸಮ. ಎಣ್ಣೆ ಕುಡಿದು ಹೊಳೆಯುತ್ತಿತ್ತು. ಮೇಲೆ ವಿಭೂತಿಯ ಮೂರು ಬೆರಳು.

"ಗುರ್ತ ಹತ್ತೂದಿಲ್ಲ ಅಲ್ರಿ?" ಸೊಸೆಯ ಮುಖ ಅರಳಿತ್ತು. "ಸಗಣಿ, ಮಸಿ, ತೊಗಟಿ, ಭಾಳ ಹೊಲಸಿತ್ರಿ. ನಿಮಗ ಅಂಥಾದ್ದು ಹ್ಯಾಂಗ ಕೊಡೂದು? ನಮ್ಮ ಚೌಕಟ್ಟಿಗೆ ರಂದಾ ಹೊಡದು ನುಣ್ಣಗ ಮಾಡೋದಿತ್ತು. ಬಡಿಗೇರಗ ಹೇಳಿದೆ, ಮೊದಲ ಮೇಡಮ್ಮೋರ್ದು ಮಾಡು, ಆಮ್ಯಾಲೆ ನಮ್ಮದು ಅಂತ."

ನಾನು ಇವರ ಮುಖ ನೋಡಿದೆ. ಬೆರಳೊಂದು ಮರದ ಅಂಚಿನ ಮೇಲೆ ನಿಧಾನಕ್ಕೆ ಹೋಗಿ, ನಿಂತು, ಹಿಂದಕ್ಕೆ ಬಂತು.

"ಚಲೋ ಆಗ್ಯಾದ," ಅಂದರು.

"ಆ ತೊಗಟಿ, ಚೆಕ್ಕಿ ಏನೂ ದಂಡ ಮಾಡಿಲ್ರಿ. ಅದನ್ನೇ ಒಲಿಗೆ ಹಾಕಿ ನಿಮಗ ಹೋಳಿಗಿ ಮಾಡೀವಿ. ಸಾಗವಾನಿ ಅಲ್ರಿ, ಏನು ಝಳ ಅಂತೀರಿ."

ಊಟಕ್ಕೆ ಹಾಕಿದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಇವರು ಹೋಳಿಗೆಯನ್ನು ಪೂರ್ತಿ ತಿಂದರು. ಆಮೇಲೆ ತಲೆ ಎತ್ತಿ, "ಇನ್ನೊಂದು ಹಾಕವ್ವ," ಎಂದರು. ಸೊಸೆ ಖುಷಿಗೆ ಅದರ ಮೇಲೆ ತುಪ್ಪದ ಗಿಂಡಿಯನ್ನೇ ಬಗ್ಗಿಸಿಬಿಟ್ಟಳು.

ವಾಪಸ್ ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಹೇಳಬಹುದಿತ್ತಲ್ಲ. ಎಷ್ಟು ಉಂಗುರ ಹೋಗಿವೆಯೋ. ನಮ್ಮ ಸಿಸ್ಟರ್ ಹೇಳುತ್ತಿದ್ದರು, ಟ್ರೂತ್ ಅಂದರೆ ಕ್ಲೀನ್ ಹ್ಯಾಂಡ್‌ಕರ್ಚೀಫ್ ಇದ್ದ ಹಾಗೆ, ದಿನಾ ಜೊತೆಗಿರಬೇಕು ಅಂತ."

"ನಿಮ್ಮ ಸಿಸ್ಟರ್ ಕೆಂಭಾವಿಗೆ ಬಂದಿಲ್ರಿ ಅಕ್ಕಾರ." ಮಡಿಲಲ್ಲಿ ಮೆತ್ತನೆಯ ಆ ಹಳೆಯ ಸೀರೆ ಬಿಚ್ಚದೆ ಹಾಗೇ ಇತ್ತು. "ನಮ್ಮವ್ವ ಕೊಟಗ್ಯಾಗ ಮುಟ್ಟಿದ ಹೊರಸು ಮಂಚ ಸೈತ ಅವರು ನೀರು ಹಾಕಿ ತೊಳೀತಿದ್ರು. ಇವತ್ತು ನಾ ಮುಟ್ಟಲಿ ಅಂತ ತೊಳದು ಇಟ್ಟಾರ. ಹ್ಯಾಂಗ ಬ್ಯಾಡ ಅನ್ಲಿ?"

ಆ ತುಂಡನ್ನು ತಮ್ಮ ಹಳೆಯ ಲ್ಯಾಬಿಗೆ ಕಳಿಸಿದರು. ಸೂರ್ಯ ಮಂಕಾಗಿದ್ದ ಕಾಲ ಅದರಲ್ಲಿ ಸ್ಪಷ್ಟವಾಗಿ ಕಂಡಿತಂತೆ. ನಾನು ಕಂಗ್ರಾಜುಲೇಷನ್ಸ್ ಎಂದೆ. ಅವರು ತಲೆ ಅಲ್ಲಾಡಿಸಿದರು. ಕೊನೆಯ ಉಂಗುರ ಇಲ್ಲದ್ದರಿಂದ ಮರಕ್ಕೆ ತನ್ನದೇ ಲೆಕ್ಕ ಇರಲಿಲ್ಲ. ಚಳಿ ದೇಶದ ಮರಗಳ ಏರಿಳಿತದ ಪಕ್ಕದಲ್ಲಿಟ್ಟು, ಎಲ್ಲಿ ಹೊಂದುತ್ತದೋ ಅಲ್ಲಿ ಕೂಡಿಸಿ ವರ್ಷ ಕೊಡಬೇಕು. ಹಾಗೆ ಅವುಗಳ ಲೆಕ್ಕಕ್ಕೇ ಹೊಂದಿಸಿದಮೇಲೆ ನಮ್ಮ ಗಾಳಿ ಬೇರೆಯಾಗಿತ್ತೇ ಎಂದು ಅದನ್ನೇ ಕೇಳಲು ಬರುವುದಿಲ್ಲ.

"ನೋಡಿದವರು ಎತ್ತರ ನೋಡಿ ವಯಸ್ಸು ಹಾಕ್ಯಾರ. ಇದಕ್ಕೂ ಜೂನ್ ಒಂದನೇ ತಾರೀಖೇ, ಅಕ್ಕಾರ," ಅಂದರು.

ಆಮೇಲೆ ಅವರು ಮತ್ತೊಂದು ಮರ ಹುಡುಕಲಿಲ್ಲ. ಅಷ್ಟರಲ್ಲಿ ಕಾಯಿಲೆ ಬಂದಿತ್ತು. ಕಲಬುರಗಿಯ ಆಸ್ಪತ್ರೆಗೆ ಹೋಗಿ ಬಂದಮೇಲೆ ಮಾಳಿಗೆಯ ಮೆಟ್ಟಿಲು ಹತ್ತುವುದಾಗುತ್ತಿರಲಿಲ್ಲ. ನಾನೇ ಟೇಬಲ್‌ಕ್ಲಾತ್ ಹಿಡಿದು ನೋಡಿ ಕೆಳಗೆ ಬಂದು ಹೇಳುತ್ತಿದ್ದೆ. "ಇವತ್ತು ಎಳ್ಳು ಭಾಳ ಅವ ರೊಟ್ಟಿ ಮ್ಯಾಗ." ಅವರು ಕಣ್ಣು ಮುಚ್ಚಿಕೊಂಡೇ, "ಇರ್ಲಿ, ಹುರುಪಿನಾಗಿದ್ದಾನ," ಅನ್ನುತ್ತಿದ್ದರು. ಕೊನೆಯ ವಾರದಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಯಾಕೋ ಗೊತ್ತಿಲ್ಲ, ಅವರು "ಬರ್ರಿ" ಅನ್ನುವವರೆಗೂ ನಾನೂ ಹೊಸ್ತಿಲಾಚೆಗೇ ನಿಲ್ಲುತ್ತಿದ್ದೆ. ಒಂದು ದಿನ ಅವರು ಅನ್ನಲಿಲ್ಲ.

ಕೆಂಭಾವಿಯಲ್ಲಿ ಅವ್ವನ ಮಗ್ಗುಲಿಗೇ ಮಣ್ಣು ಮಾಡಿದರು. ಬಿಳಿ ಬಟ್ಟೆ ಉಟ್ಟ ಜನ, ಮೇಣದಬತ್ತಿ, ಸಣ್ಣ ದನಿಯ ಪ್ರಾರ್ಥನೆ. ಎಲ್ಲರೂ ಹೊರಟಮೇಲೆ ವಾಡೆಯ ಸೊಸೆ ನನ್ನ ಹತ್ತಿರ ಬಂದಳು. ಅತ್ತು ಮೂಗು ಕೆಂಪಾಗಿತ್ತು.

"ನಮ್ಮ ಕಟ್ಟಿಗಿ ಅವರಿಗೆ ಉಪಯೋಗ ಬಿತ್ತೇನ್ರಿ ಅಕ್ಕಾರ?"

"ಬಿತ್ತವ್ವ. ಅದರೊಳಗೆ ಸೂರ್ಯ ಕಂಡ ಅಂತ ಹೇಳಿದರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದರ ಜೋಡಿ ತೊಲಿ ಇನ್ನೊಂದು ಅದರಿ. ನಮ್ಮ ಮೈದುನನ ಪಾಲಿನ ಕೊಟಗಿ ಈಗ ಕೆಡವಾಕತ್ತಾರ. ಮಾಳಿಗಿ ಕೆಳಗ ತಗಡು ಹೊಡದಿದ್ರು, ಇಷ್ಟು ದಿನ ಕಂಡೇ ಇರಲಿಲ್ಲ. ಎರಡೂ ಒಂದೇ ಕಾಲದ್ದು ಅಂತಾನ ಬಡಿಗೇರ. ಅವರ ಹೆಸರಲೆ ಅವರ ಆಫೀಸಿಗೆ ಕಳಿಸೋಣಂತ ಮಾಡೀನ್ರಿ. ನಾಳೆ ಬಡಿಗೇರ ಬರ್ತಾನ, ಮೊದಲಿಂದಕ್ಕಿಂತ ಚಂದ ರಂದಾ ಹೊಡಿಸಿ ಕೊಡ್ತೀನಿ."

ಹಸಿ ಮಣ್ಣಿನ ಮೇಲೆ ಹೂವು ಬಿಸಿಲಿಗೆ ಬಾಡುತ್ತಿತ್ತು. ಅವರು ಒಂದು ಮಾತು ಆಡಿದ್ದರೆ ಆವತ್ತೇ ಈ ಎರಡನೆಯ ತೊಲೆಯನ್ನು ಯಾರಾದರೂ ಹುಡುಕುತ್ತಿದ್ದರು. ಆಡಲಿಲ್ಲ. ಆಡದೆ ಕಾಪಾಡಿದ್ದನ್ನು ನಾನು ಈಗ ಅವರ ಕಾಲ ಬಳಿಯೇ ನಿಂತು ಒಡೆಯಬೇಕು. ಇಲ್ಲವೇ ನಾಳೆ ಬಡಿಗೇರ ಬರುತ್ತಾನೆ.

"ರಂದಾ ಬ್ಯಾಡವ್ವ," ಎಂದೆ. ನನ್ನ ಬಾಯಲ್ಲಿ ಅವರದೇ ಮಾತು ಬಂತು. "ತೊಗಟಿ ಸಹಿತ ಇದ್ದ ಹಂಗೇ ಕೊಡು. ಅವರಿಗೆ ಬೇಕಾಗಿದ್ದದ್ದು ತೊಗಟಿ."

ಆಕೆ ನನ್ನನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಮೈದುನನಿಗೆ ಫೋನ್ ಹಚ್ಚಿದಳು. "ಆ ತೊಲಿಗೆ ಕೈ ಹಚ್ಚಬ್ಯಾಡ ಅಂತ ಹೇಳು. ಹೊಲಸ ಇದ್ರ ಇರ್ಲಿ. ನಾ ಬರ್ತೀನಿ." ಫೋನ್ ಇಟ್ಟರೂ ತಿರುಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದಳು.

"ಆವತ್ತು ಏನೂ ಅನ್ಲಿಲ್ಲಲ್ರಿ ಅವರು."

"ಇಲ್ಲವ್ವ."

"ಚಲೋ ಆಗ್ಯಾದ ಅಂದ್ರು." ಮತ್ತೆ ಅಂದಳು, ನನಗಲ್ಲ, ಮಣ್ಣಿಗೆ. "ಎರಡನೇ ಹೋಳಿಗಿ ತಾವೇ ಕೇಳಿ ಹಾಕಿಸ್ಕೊಂಡ್ರು."